ಗೆಟ್ಟಿಸ್‌ಬರ್ಗ್‌ನ ಕೂಟಕ್ಕೆ ಹೋಗಬಹುದೇ ಎಂದು ಕೇಳಿದವರಿಗೆ

ಮೇರಿಲ್ಯಾಂಡಿನ ಫ್ರೆಡರಿಕ್‌ಗೆ ಬಂದು ಕೆಲವೇ ತಿಂಗಳಾಗಿರುವ ನಿಮ್ಮನ್ನು ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು, ಅಮೆರಿಕದ ಅಂತರ್ಯುದ್ಧದ ಚರಿತ್ರೆಯಲ್ಲಿ ಆಸಕ್ತರಾದವರು ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ರಣಭೂಮಿಯಲ್ಲಿ ಸೇರುವ ವಾರಾಂತ್ಯದ ಕೂಟಕ್ಕೆ ಮಕ್ಕಳೊಂದಿಗೆ ಕರೆದಿದ್ದಾರೆ. ಹೊರಗಿನಿಂದ ಬಂದ ನಮಗೆ ಅಲ್ಲೇನು ಕೆಲಸ, ಅಲ್ಲಿ ಕಾಣುವ ಕಾನ್ಫೆಡರೇಟ್ ಬಾವುಟಗಳನ್ನು, ಅಂದರೆ ಒಕ್ಕೂಟ ತೊರೆದು ಹೋರಾಡಿದ ದಕ್ಷಿಣದ ರಾಜ್ಯಗಳ ಬಾವುಟಗಳನ್ನು, ಹೇಗೆ ನೋಡಬೇಕು, ಒಪ್ಪಿಕೊಳ್ಳುವುದೋ ಬಿಡುವುದೋ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಆ ಯುದ್ಧ ಏತಕ್ಕಾಗಿ ನಡೆಯಿತು ಎಂಬುದನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು ಹೋಗಿ.

ಅಂತರ್ಯುದ್ಧವನ್ನು ಓದಿ ಚರ್ಚಿಸುವ ಬಳಗಗಳು ಇಲ್ಲಿ ಹಳೆಯವು. ಮೊದಲನೆಯದು ಷಿಕಾಗೋದಲ್ಲಿ 1940ರಲ್ಲಿ ಆರಂಭವಾಯಿತು. ಸಾಮಾನ್ಯವಾಗಿ ಶುಕ್ರವಾರ ಸಂಜೆ ಉಪನ್ಯಾಸವಿರುತ್ತದೆ, ಶನಿವಾರವಿಡೀ ರಣಭೂಮಿಯಲ್ಲಿ ನಡಿಗೆಯಿರುತ್ತದೆ. ಬರುವವರು ಪ್ರಾಧ್ಯಾಪಕರೇ ಆಗಿರಬೇಕಿಲ್ಲ. ನಿವೃತ್ತ ಶಿಕ್ಷಕಿಯರು, ಎಲೆಕ್ಟ್ರಿಷಿಯನ್ನರು, ದಾದಿಯರು ಒಂದೊಂದು ದಂಡನ್ನು ಆರಿಸಿಕೊಂಡು, ಅದರ ಸೈನಿಕರ ಪತ್ರಗಳನ್ನೂ ಪಿಂಚಣಿ ಕಡತಗಳನ್ನೂ ವರ್ಷಗಟ್ಟಲೆ ಓದಿರುತ್ತಾರೆ. ಗೆಟ್ಟಿಸ್‌ಬರ್ಗ್‌ನಲ್ಲಿ 1915ರಿಂದಲೂ ಪರವಾನಗಿ ಪಡೆದ ಮಾರ್ಗದರ್ಶಕರಿದ್ದಾರೆ; ಕಠಿಣ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಆ ಪರವಾನಗಿ ಸಿಗುತ್ತದೆ. ನಿಮ್ಮ ಸಹೋದ್ಯೋಗಿ ತನಗೆ ತುಂಬ ಪ್ರಿಯವಾದುದನ್ನು ನಿಮಗೆ ತೋರಿಸಲು ಬಯಸಿದ್ದಾರೆ. ಈ ದೇಶದಲ್ಲಿ ಕಚೇರಿಯ ಪರಿಚಯ ಸ್ನೇಹವಾಗಿ ಬೆಳೆಯುವುದು ಅಪರೂಪ, ಅದಕ್ಕೆ ಇಂಥ ಕರೆಗಳೇ ದಾರಿ.

1863ರ ಜುಲೈ 1ರಿಂದ 3ರವರೆಗೆ ನಡೆದ ಆ ಕದನದಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000 ಮಂದಿ. ಮೂರನೆಯ ದಿನ ದಕ್ಷಿಣದ ಸೇನಾಪತಿ ಜನರಲ್ ಲೀಯ ಆಜ್ಞೆಯಂತೆ ಸುಮಾರು 12,500 ಕಾನ್ಫೆಡರೇಟ್ ಸೈನಿಕರು ಮುಕ್ಕಾಲು ಮೈಲಿಗೂ ಹೆಚ್ಚಿನ ಬಯಲನ್ನು ದಾಟಿ ಎದುರಿನ ದಿಬ್ಬದ ಮೇಲೆ ದಾಳಿಮಾಡಿ, ಸುಮಾರು ಅರ್ಧದಷ್ಟು ಜನರನ್ನು ಕಳೆದುಕೊಂಡು ಹಿಮ್ಮೆಟ್ಟಿದರು. ಆ ಬಯಲನ್ನು ನೀವೂ ನಡೆದು ದಾಟಿ. ದೂರದಿಂದ ಮೇಜಿನಂತೆ ಸಮತಟ್ಟಾಗಿ ಕಾಣುವ ನೆಲದಲ್ಲಿ ಅಲ್ಲಲ್ಲಿ ತಗ್ಗುಗಳಿವೆ. ತಗ್ಗಿನಲ್ಲಿ ಇಳಿದಾಗ ಎದುರಿನ ದಿಬ್ಬವೇ ಮರೆಯಾಗಿ, ಮೇಲೇರಿದ ಕ್ಷಣ ಫಿರಂಗಿಗಳ ಸಾಲು ಮತ್ತೆ ಎದುರಾಗುತ್ತದೆ. ಸೈನಿಕನಿಗೆ ಆಸರೆ ಎಲ್ಲಿ ಸಿಕ್ಕಿತು, ಎಲ್ಲಿ ತಪ್ಪಿತು ಎಂಬುದು ಆಗ ತಿಳಿಯುತ್ತದೆ.

ದಿಬ್ಬದ ಮೇಲಿರುವ ಒಂದು ಚಿಕ್ಕ ಬಿಳಿಯ ಮನೆಯನ್ನು ತೋರಿಸಲು ಮಾರ್ಗದರ್ಶಕರನ್ನು ಕೇಳಿ. ಅದು ಏಬ್ರಹಾಂ ಬ್ರಯನ್ ಎಂಬ ಸ್ವತಂತ್ರ ಕಪ್ಪು ರೈತನದು. ಲೀಯ ಸೈನ್ಯ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದಾಗ ಸ್ವತಂತ್ರರಾಗಿದ್ದ ಕಪ್ಪು ಜನರನ್ನೂ ಹಿಡಿದು ಗುಲಾಮಗಿರಿಗೆಂದು ದಕ್ಷಿಣಕ್ಕೆ ಸಾಗಿಸಿತು. ಬ್ರಯನ್ ಕುಟುಂಬ ಮೊದಲೇ ಊರು ಬಿಟ್ಟು ಪಾರಾಯಿತು. ಮರಳಿ ಬಂದಾಗ ಮನೆಯ ತುಂಬ ಗುಂಡಿನ ತೂತುಗಳಿದ್ದವು, ಬೆಳೆ ತುಳಿದುಹೋಗಿತ್ತು. ಸಾವಿರ ಡಾಲರಿಗೂ ಮೀರಿದ ಪರಿಹಾರ ಕೇಳಿದ ಅವನಿಗೆ ದೊರೆತದ್ದು 15 ಡಾಲರ್. ಸಾವಿರದ ಮುನ್ನೂರಕ್ಕೂ ಹೆಚ್ಚು ಸ್ಮಾರಕಗಳಿರುವ ಆ ಬಯಲಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಮನೆ.

ಬಾವುಟದ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಆ ಯುದ್ಧ ಬರಿಯ ರಾಜ್ಯಗಳ ಹಕ್ಕಿಗಾಗಿ ನಡೆಯಿತೆಂದು ಹೇಳುವವರು ಕೂಟದಲ್ಲಿ ಒಬ್ಬಿಬ್ಬರು ಸಿಗಬಹುದು. ದಕ್ಷಿಣದ ನಾಯಕರು ಆಗ ಹಾಗೆ ಹೇಳಲಿಲ್ಲ. 1860ರ ಡಿಸೆಂಬರಿನಲ್ಲಿ ಒಕ್ಕೂಟ ತೊರೆದ ಸೌತ್ ಕ್ಯಾರೊಲಿನಾ, ಓಡಿಬಂದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಂದಿರುಗಿಸುತ್ತಿಲ್ಲವೆಂದೇ ದೂರಿತು. ಕಾನ್ಫೆಡರೇಟ್ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ಕಪ್ಪು ಜನರು ಬಿಳಿಯರಿಗೆ ಸಮರಲ್ಲವೆಂಬುದೇ ತಮ್ಮ ಸರ್ಕಾರದ ಅಡಿಗಲ್ಲು ಎಂದು 1861ರ ಮಾರ್ಚಿನಲ್ಲಿ ಸಾರಿದನು. ಆಗ ಈ ದೇಶದಲ್ಲಿ ಗುಲಾಮಗಿರಿಯಲ್ಲಿದ್ದವರು ಸುಮಾರು 40 ಲಕ್ಷ. ಸೈನಿಕವೇಷದವರು ಕಾನ್ಫೆಡರೇಟ್ ಬಾವುಟವನ್ನು ಹಿಡಿದಿದ್ದರೆ ಚರಿತ್ರೆಯ ಭಾಗವೆಂದು ನೋಡಿ. ಆದರೆ ಅದರೊಂದಿಗೆ ಫೋಟೊ ತೆಗೆಸಿಕೊಳ್ಳಬೇಡಿ, ಅಂಗಡಿಯಲ್ಲಿ ಮಕ್ಕಳು ಕಾನ್ಫೆಡರೇಟ್ ಸೈನಿಕರ ಬೂದು ಟೋಪಿ ಬೇಕೆಂದರೆ ಕಾರಣ ಹೇಳಿ ಬೇಡವೆನ್ನಿ. ನಿಮ್ಮ ಕಪ್ಪು ನೆರೆಹೊರೆಯವರಿಗೆ ಅದು ಇಂದಿಗೂ ನೋವಿನ ವಿಷಯ.

ಕೋವಿಗಳ ಬಗ್ಗೆ ಭಯ ಬೇಡ. ಈಗ ರಾಷ್ಟ್ರೀಯ ಉದ್ಯಾನವಾಗಿರುವ ಆ ರಣಭೂಮಿಯಲ್ಲಿ ಅಣಕು ಕಾಳಗಕ್ಕೆ ಅನುಮತಿಯಿಲ್ಲ, ಅವು ಖಾಸಗಿ ಹೊಲಗಳಲ್ಲಿ ನಡೆಯುತ್ತವೆ. ಉದ್ಯಾನದೊಳಗೆ ಇರುವುದು ಪ್ರಾತ್ಯಕ್ಷಿಕೆ ಮಾತ್ರ. ದಪ್ಪ ಉಣ್ಣೆಯ ನೀಲಿ ಕೋಟು ತೊಟ್ಟವರು ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿದು ನಳಿಕೆಗೆ ಮದ್ದು ಸುರಿಯುತ್ತಾರೆ, ಗುಂಡು ಹಾಕುವುದಿಲ್ಲ. ತುಟಿಯ ಅಂಚಿಗೆ ಕಪ್ಪು ಪುಡಿ ಮೆತ್ತಿಕೊಳ್ಳುತ್ತದೆ. ಪಳಗಿದ ಸೈನಿಕ ನಿಮಿಷಕ್ಕೆ ಮೂರು ಸಲ ಹಾರಿಸಬಲ್ಲವನಾಗಿದ್ದನು. ಸದ್ದು ಜೋರು, ಮಕ್ಕಳ ಕಿವಿ ಮುಚ್ಚಿಸಿ.

ನಮಗೇನು ಸಂಬಂಧ ಎಂದಿರಿ. ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಗಿ, 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತುತ್ತಿದ್ದ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಆ ಹತ್ತಿ ಸಾಗಿಸಲು ಕಾರವಾರ ಬಂದರನ್ನು ಬೆಳೆಸಬೇಕೆಂಬ ಒತ್ತಾಯದ ನಡುವೆಯೇ 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಇದನ್ನು ಊಟದ ಹೊತ್ತಿನಲ್ಲಿ ಹೇಳಿ. ಗುಂಡಿನ ತೂಕದವರೆಗೆ ಬಲ್ಲವರೂ ಇದನ್ನು ಕೇಳಿರುವುದು ಕಡಿಮೆ, ನಿಮ್ಮನ್ನು ಬಿಡದೆ ಪ್ರಶ್ನಿಸುತ್ತಾರೆ.

ಹುಲ್ಲಿನಲ್ಲಿ ಉಣ್ಣಿಗಳಿರುತ್ತವೆ, ಉದ್ದನೆಯ ಪ್ಯಾಂಟು ತೊಡಿಸಿ, ಸಂಜೆ ಮಕ್ಕಳ ಮೈಯನ್ನು ಪರೀಕ್ಷಿಸಿ. ನೆಲದಲ್ಲಿ ಹಳೆಯ ಗುಂಡು ಕಂಡರೂ ಎತ್ತಿಕೊಳ್ಳಬಾರದು, ಅದು ಅಪರಾಧ. ಭಾನುವಾರ ಬಿಡುವಿದ್ದರೆ ನಿಮ್ಮ ಊರಿನಲ್ಲಿಯೇ ಅಂತರ್ಯುದ್ಧದ ವೈದ್ಯಕೀಯ ವಸ್ತುಸಂಗ್ರಹಾಲಯವಿದೆ; 1862ರ ಆಂಟೀಟಮ್ ಕದನದ ನಂತರ ಫ್ರೆಡರಿಕ್‌ನ ಚರ್ಚುಗಳೇ ಆಸ್ಪತ್ರೆಗಳಾಗಿದ್ದವು. ಕೈಕಾಲು ಕತ್ತರಿಸುತ್ತಿದ್ದ ಉಪಕರಣಗಳೂ ಅಲ್ಲಿರುವುದರಿಂದ, ಮೊದಲು ನೀವೊಬ್ಬರೇ ನೋಡಿಬಂದು ಮಕ್ಕಳನ್ನು ಕರೆದೊಯ್ಯಬೇಕೇ ಎಂದು ನಿರ್ಧರಿಸಿ.