ಗಾಯ ಸಣ್ಣದು, ಇರಾದೆ?

ಹಾವೇರಿ ಕಡೆಯ ರೈತ ಮನೆತನದ ಯುವತಿ, ವಯಸ್ಸು 22, ಧಾರವಾಡದಲ್ಲಿ ಕೋಚಿಂಗ್. (ಗುರುತು ಸಿಗದಂತೆ ವಿವರ ಬದಲಿಸಿದೆ.) ಐದು ತಿಂಗಳಿಂದ ಮುಂಗೈ ಗೀರಿಕೊಳ್ಳುತ್ತಿದ್ದಳು. ಒಂದು ಶನಿವಾರ ರಾತ್ರಿ ಮಾತ್ರೆ ನುಂಗಿದಳು. ಆಸ್ಪತ್ರೆಯಲ್ಲಿ ಬೇಗ ಚೇತರಿಸಿಕೊಂಡಳು. "ಹೆದರಸಾಕ ಮಾಡ್ಯಾಳ್ರಿ, ಸಾಯೋರು ಇಷ್ಟಕ್ಕ ಬಿಡ್ತಾರೇನು?" ಅಂದರು ತಂದೆ.

ಮೋಸ ಆಗುವುದೇ ಇಲ್ಲಿ. ದೇಹಕ್ಕಾದ ಪೆಟ್ಟಿಗೂ ಸಾಯುವ ಇರಾದೆಗೂ ಎಷ್ಟೋ ಸಲ ತಾಳೆಯೇ ಇರುವುದಿಲ್ಲ, ಯಾವುದು ಎಷ್ಟು ಅಪಾಯ ಅಂತ ಗೊತ್ತಿಲ್ಲದವರಲ್ಲಂತೂ ಇನ್ನೂ ಕಡಿಮೆ. ಹಾಗಾಗಿ ತಂದೆಯನ್ನು ಹೊರಗೆ ಕೂರಿಸಿ ಅವಳನ್ನೇ ಕೇಳಿದ್ದು, "ನುಂಗುವಾಗ ಏನಾಗ್ತದ ಅಂದ್ಕೊಂಡಿದ್ದಿ?"

"ಮುಂಜಾನೆ ಏಳಂಗಿಲ್ಲ ಅಂತ."

ಸಾಯುವ ಯೋಚನೆ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ನಂತರ ಮಾತ್ರೆ ನುಂಗುವ ಹಿಂದಿನ ಎರಡು ದಿನಗಳನ್ನು ತಾಸು ತಾಸಾಗಿ ಬಿಡಿಸಿದ್ದು. ರೂಮ್‌ಮೇಟ್ ಊರಿಗೆ ಹೋದ ರಾತ್ರಿಯನ್ನೇ ಆರಿಸಿದ್ದಳು. ಶುಕ್ರವಾರ ಮೆಸ್ ಬಾಕಿ ಚುಕ್ತಾ, ಎರವಲು ತಂದ ನೋಟ್ಸ್ ವಾಪಸ್. ಚೀಟಿ ಬರೆದಿರಲಿಲ್ಲ, ಆದರೆ ಫೋನ್ ಸ್ವಿಚ್ ಆಫ್. ಗೀರಿಕೊಂಡ ದಿನಗಳದ್ದು ಬೇರೆಯೇ ಚಿತ್ರ: ಪಕ್ಕದಲ್ಲಿ ಜನ ಇದ್ದರು, ಎದೆಯ ಭಾರ ಇಳಿದರೆ ಸಾಕಿತ್ತು, ಸಾವಿನ ಮಾತಿರಲಿಲ್ಲ. ಒಬ್ಬಳದೇ ಕೈ, ಇರಾದೆ ಎರಡು. ಪ್ರತಿ ಸಲವೂ ಹೊಸದಾಗಿ ಕೇಳಬೇಕಾದದ್ದು ಇದಕ್ಕೇ.

ಸಾಯುವ ಇರಾದೆ ಎಷ್ಟು ಗಟ್ಟಿ ಎಂದು ಅಳೆಯಲು ಅಮೆರಿಕದ ಮನೋವೈದ್ಯ ಬೆಕ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಮಾಪಕದಲ್ಲಿ ಅಂಕ ಕೊಡುವ ಅಂಶಗಳು 15, ತಲಾ 0ಯಿಂದ 2. ಮೊದಲ 8 ಸಂದರ್ಭದ ಕುರಿತವು: ಹತ್ತಿರ ಯಾರೂ ಇಲ್ಲದಿರುವುದು, ಆರಿಸಿದ ಸಮಯ, ಸಿದ್ಧತೆ, ಚೀಟಿ. ಅವಳ ಬಾಯಿ ಮುಚ್ಚಿದ್ದರೂ ಇವು ಮಾತಾಡುತ್ತವೆ. ಪಟ್ಟಿ ಪ್ರಶ್ನೆ ಮರೆಯದಿರಲು ಸೈ; ಮೊತ್ತ ಕಡಿಮೆ ಬಂತೆಂದು ಮನೆಗೆ ಕಳಿಸಿದರೆ ತಪ್ಪು.

ಕೊಟ್ಟ ಸಲಹೆ: ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಅದೇ ದಿನ ಮನೋವೈದ್ಯರ ಭೇಟಿ. ಮಾತ್ರೆ ವಾರಕ್ಕಾಗುವಷ್ಟೇ, ಅದೂ ಅವ್ವನ ಕೈಯಲ್ಲಿ. ಊರ ಮನೆಯ ಪಡಸಾಲೆ ಮೂಲೆಯಲ್ಲಿದ್ದ ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳು ಮನೆಯಿಂದಲೇ ಆಚೆ, ಬೀಗದೊಳಗೆ. ಕೀಲಿ ಯಾರಲ್ಲಿದೆ ಎಂಬುದು ಅವಳಿಗೆ ತಿಳಿಯಬಾರದು. ತಂದೆ ದೇವರ ಮುಂದೆ ಆಣೆ ಮಾಡಿಸಲು ಹೊರಟಿದ್ದರು, ಬೇಡವೆಂದು ತಡೆದದ್ದಾಯಿತು. ಆಣೆ ಮಾಡಿದವಳು ಮುಂದಿನ ಸಲ ಬಾಯಿಬಿಡಲು ಹಿಂಜರಿಯುತ್ತಾಳೆ. ಬದಲಿಗೆ ಅವಳದೇ ಅಕ್ಷರದಲ್ಲಿ ಒಂದು ಹಾಳೆ: ಊಟ ಬಿಟ್ಟು ಚಾದರ ಹೊದ್ದು ಮಲಗಿದರೆ ಅದೇ ಮೊದಲ ಸುಳಿವು, ಎದ್ದು ಅವ್ವನ ಹತ್ತಿರ ಕೂಡಬೇಕು, ಅಕ್ಕನಿಗೆ ಫೋನ್ ಮಾಡಬೇಕು, ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416.

ಪೊಲೀಸ್ ಕೇಸಿನ ಹೆದರಿಕೆಯಿಂದ ಮನೆಯವರು "ತಪ್ಪಿ ನುಂಗಿದ್ಲು" ಎಂದು ಬರೆಸಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಶಿಕ್ಷೆಗೆ ಗುರಿ ಮಾಡುವುದಿಲ್ಲ ಎಂದು ವಿವರಿಸಿದ ಮೇಲೆ ತಂದೆ ನಿಜ ಹೇಳಿದರು. ಎರಡು ದಿನದೊಳಗೆ ಮರುಭೇಟಿ. ಬರದಿದ್ದರೆ ಅಂದೇ ಸಂಜೆ ಫೋನ್.