ಕಂಬಳಿ ಅಜ್ಜನ ಮುಂದೆ ರೋಬೋ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದ್ತಿದ್ದೇನೆ. ನಾವು ನಾಲ್ವರು ಸೇರಿ ಮಂಡಕ್ಕಿ-ಮಿರ್ಚಿ ತಟ್ಟೆ ಹೊತ್ತು ತಿರುಗುವ ರೋಬೋ ಮಾಡಿದ್ದೆವು. ಎದುರಿಗೆ 30 ಸೆಂಟಿಮೀಟರ್ ಒಳಗೆ ಏನಾದರೂ ಬಂದರೆ ನಿಲ್ಲಬೇಕು, ಅಷ್ಟೇ. ಲ್ಯಾಬಲ್ಲಿ ಚೆನ್ನಾಗಿ ನಿಲ್ಲುತ್ತಿತ್ತು. ಪ್ರದರ್ಶನದ ದಿನ ಗೆಳೆಯನ ಅಜ್ಜ ಚಳ್ಳಕೆರೆ ಕಡೆಯಿಂದ ಬಂದಿದ್ದರು, ಕಾಲವರೆಗೂ ಕಂಬಳಿ ಹೊದ್ದು ನಿಂತಿದ್ದರು, ಸೀದಾ ಹೋಗಿ ಅವರಿಗೇ ಗುದ್ದಿತು. ಕೆಂಪು ಸ್ವಿಚ್ ಒತ್ತಿದರೂ ತಕ್ಷಣ ನಿಲ್ಲಲಿಲ್ಲ. ಪುಣ್ಯಕ್ಕೆ ಅಜ್ಜನಿಗೆ ಪೆಟ್ಟಾಗಲಿಲ್ಲ, ಮಂಡಕ್ಕಿ ಮಾತ್ರ ನೆಲದ ಪಾಲು. ಅಲ್ಟ್ರಾಸಾನಿಕ್ ಸೆನ್ಸರ್ ಬದಲಾಯಿಸಬೇಕಾ? ಕೋಡ್ ಕಳಿಸಿದ್ದೇನೆ.

ಉತ್ತರ: ಸೆನ್ಸರ್ ಮೇಲೆ ತಪ್ಪು ಹೊರಿಸಬೇಡಿ. ನಿಮ್ಮ ಕೋಡಿನಲ್ಲಿ ಒಂದು ಸಾಲಿದೆ: ದೂರ ಸೊನ್ನೆಗಿಂತ ಜಾಸ್ತಿ, 30ಕ್ಕಿಂತ ಕಡಿಮೆ ಇದ್ದರೆ ನಿಲ್ಲು, ಇಲ್ಲದಿದ್ದರೆ ನಡೆ. ಪಕ್ಕದಲ್ಲಿ ಕಾಮೆಂಟ್ ಬೇರೆ, 'ಹಾಲ್‌ನಲ್ಲಿ ಸುಮ್ಸುಮ್ನೆ ನಿಲ್ತಿದೆ, ಅದಕ್ಕೆ' ಅಂತ. ಹಿಂದಿನ ರಾತ್ರಿ ಸೇರಿಸಿದ್ದು, ಅಲ್ವಾ?

ಈ ಸೆನ್ಸರ್ 40 ಕಿಲೋಹರ್ಟ್ಸ್‌ನ ಸದ್ದು ಬಿಟ್ಟು, ಅದು ಬಡಿದು ವಾಪಸ್ ಬರುವ ಹೊತ್ತನ್ನು ಎಣಿಸುತ್ತದೆ. ನೀವು ಬಳಸಿರುವ ನ್ಯೂಪಿಂಗ್ ಲೈಬ್ರರಿ, ಅಂದರೆ ಈ ಸೆನ್ಸರ್ ಓದಲು ಯಾರೋ ಬರೆದಿಟ್ಟ ಸಿದ್ಧ ಕೋಡ್, ಸದ್ದು ವಾಪಸ್ ಬರದಿದ್ದರೆ ಸೊನ್ನೆ ಕೊಡುತ್ತದೆ. ಲ್ಯಾಬು ಚಿಕ್ಕದು, ಗೋಡೆ ಹತ್ತಿರ, ಹಾಗಾಗಿ ಸೊನ್ನೆ ನಿಮ್ಮ ಕಣ್ಣಿಗೇ ಬೀಳಲಿಲ್ಲ. ದೊಡ್ಡ ಹಾಲ್‌ಗೆ ತಂದಾಗ ಸೊನ್ನೆ ಬರತೊಡಗಿತು, ರೋಬೋ ನಿಂತಿತು, ನೀವು ಸೊನ್ನೆ ಬಂದರೆ ದಾರಿ ಖಾಲಿ ಎಂದು ಬರೆದುಬಿಟ್ಟಿರಿ. ಆದರೆ ದಪ್ಪ ಉಣ್ಣೆ ಕಂಬಳಿ ಸದ್ದನ್ನು ನುಂಗಿಕೊಳ್ಳುತ್ತದೆ! ಅಜ್ಜ ಎದುರಿಗಿದ್ದಾಗಲೂ ಬಂದದ್ದು ಸೊನ್ನೆಯೇ. ಸೆನ್ಸರ್ ವೈರ್ ಕಿತ್ತುಹೋದರೂ ಸೊನ್ನೆಯೇ ಬರುತ್ತದೆ, ಆಗಲೂ ನಿಮ್ಮ ರೋಬೋ ಧೈರ್ಯವಾಗಿ ನಡೆಯುತ್ತದೆ.

ಇದನ್ನು ತಿರುಗಿಸಿ ಬರೆಯಿರಿ. ಮೊದಲ ಸಾಲು 'ನಿಲ್ಲು' ಆಗಿರಲಿ. 30ಕ್ಕಿಂತ ಜಾಸ್ತಿ ಅಂತ ಸರಿಯಾದ ಅಳತೆ ಬಂದರೆ ಮಾತ್ರ ಮುಂದಿನ ಒಂದು ಹೆಜ್ಜೆಗೆ ಒಪ್ಪಿಗೆ. ಸೊನ್ನೆ ಬಂದರೆ ನಿಲ್ಲಲಿ, ಇಲ್ಲವೇ ತೆವಳುವಷ್ಟು ನಿಧಾನವಾಗಲಿ, ಮುಂದೆ ಒಂದು ಬಂಪರ್ ಸ್ವಿಚ್, ಅಂದರೆ ಏನಾದರೂ ತಗುಲಿದರೆ ಒತ್ತಿಕೊಳ್ಳುವ ಸ್ವಿಚ್, ಹಾಕಿ. ಆ ಸ್ವಿಚ್ಚನ್ನು ಮುಟ್ಟದೇ ಇದ್ದಾಗ ಕರೆಂಟ್ ಹರಿಯುವ ಹಾಗೆ ಜೋಡಿಸಿ, ಆಗ ವೈರ್ ತುಂಡಾದರೂ ರೋಬೋ ನಿಲ್ಲುತ್ತದೆ. ಸದ್ದಿನ ಬದಲು ಕಣ್ಣಿಗೆ ಕಾಣದ ಬೆಳಕು ಬಿಡುವ ಇನ್‌ಫ್ರಾರೆಡ್ ಸೆನ್ಸರ್ ಹಾಕೋಣ ಅನ್ನಿಸಬಹುದು, ಅದನ್ನೇ ನಂಬಿ ಕೂರಬೇಡಿ. ಕಪ್ಪು ಬಣ್ಣ ಅದಕ್ಕೂ ಸರಿಯಾಗಿ ಕಾಣುವುದಿಲ್ಲ, ಕಂಬಳಿ ಕಪ್ಪಗಿದ್ದರೆ ಮತ್ತೆ ಅದೇ ಕಥೆ.

ಇನ್ನು ಕೆಂಪು ಸ್ವಿಚ್. ಅದನ್ನು ಕೋಡ್ ಓಡಿಸುವ ಪುಟ್ಟ ಬೋರ್ಡಿನ, ಅಂದರೆ ಆರ್ಡುಯಿನೋದ, ಪಿನ್‌ಗೆ ಕೊಟ್ಟು ಕೋಡಿನಲ್ಲಿ ಓದುತ್ತಿದ್ದೀರಿ. ಅದೇ ಕೋಡಿನಲ್ಲಿ ಡಿಲೇ 1000 ಅಂತಿದೆ. ಆ ಒಂದು ಸೆಕೆಂಡು ನಿಮ್ಮ ಕೋಡ್ ಸ್ವಿಚ್ಚನ್ನೂ ನೋಡುವುದಿಲ್ಲ, ಸೆನ್ಸರನ್ನೂ ನೋಡುವುದಿಲ್ಲ, ಮೋಟರ್ ಮಾತ್ರ ಓಡುತ್ತಲೇ ಇರುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ಹೋಗುವ ರೋಬೋ ಅರ್ಧ ಮೀಟರ್ ಕಣ್ಣುಮುಚ್ಚಿ ನಡೆದ ಹಾಗಾಯಿತು. ಡಿಲೇ ತೆಗೆದು ಮಿಲ್ಲಿಸ್ ಬಳಸಿ, ಅದು ಕೋಡನ್ನು ನಿಲ್ಲಿಸದೆ ಎಷ್ಟು ಹೊತ್ತಾಯಿತು ಅಂತ ಮಾತ್ರ ಹೇಳುತ್ತದೆ. ಸ್ವಿಚ್ಚನ್ನಂತೂ ಬ್ಯಾಟರಿಗೂ ಮೋಟರ್‌ಗೆ ಕರೆಂಟ್ ಕೊಡುವ ಮೋಟರ್ ಡ್ರೈವರ್‌ಗೂ ನಡುವೆ ಹಾಕಿ, ಒತ್ತಿದರೆ ಕರೆಂಟೇ ಹೋಗಬೇಕು, ಕೋಡನ್ನು ಕೇಳಿಕೊಂಡು ಕೂರಬಾರದು.

ಇದು ಕಾಲೇಜು ಹುಡುಗರು ಮಾತ್ರ ಮಾಡುವ ತಪ್ಪಲ್ಲ. ಥೆರಾಕ್-25 ಅಂತ ಕ್ಯಾನ್ಸರ್‌ಗೆ ವಿಕಿರಣ ಕೊಡುವ ಯಂತ್ರವಿತ್ತು. ಅದರ ಹಿಂದಿನ ಮಾದರಿಯಲ್ಲಿ ಅಪಾಯ ತಡೆಯುವ ಹಾರ್ಡ್‌ವೇರ್ ಬೀಗಗಳಿದ್ದವು, ಇದರಲ್ಲಿ ಅವನ್ನು ತೆಗೆದು ಆ ಕೆಲಸವನ್ನು ಸಾಫ್ಟ್‌ವೇರ್‌ಗೆ ಒಪ್ಪಿಸಿದರು. 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಬಿತ್ತು, ಕೆಲವರು ಸತ್ತೇಹೋದರು. ಅದೇ ಕೋಡ್ ದೋಷ ಹಳೇ ಯಂತ್ರದಲ್ಲೂ ಇತ್ತು, ಬೀಗ ತಡೆಯುತ್ತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಮುಂದಿನ ಸಲ ರಟ್ಟಿನ ಡಬ್ಬ ಹಿಡಿದು ಟೆಸ್ಟ್ ಮಾಡಬೇಡಿ, ರಟ್ಟು ಸದ್ದನ್ನು ಚೆನ್ನಾಗಿ ವಾಪಸ್ ಕಳಿಸುತ್ತದೆ, ಯಾವ ರೋಬೋ ಆದರೂ ಪಾಸಾಗುತ್ತದೆ. ಆ ಅಜ್ಜನ ಕಂಬಳಿಯನ್ನೇ ಒಂದು ದಿನಕ್ಕೆ ಕೇಳಿ ತನ್ನಿ. ಕುರ್ಚಿಗೆ ಹೊದಿಸಿ, ಅಜ್ಜನನ್ನು ಬೆಣ್ಣೆದೋಸೆ ತಿನ್ನಲು ಕಳಿಸಿ.