ದಾವಣಗೆರೆ ಬಿಟ್ಟವರು ವಾಪಸ್ ಹೋಗಿ ಸೈಟ್ ತಗೊಳ್ಳೋದು ಸರೀನಾ?

ನೀವು ಕೇಳಿರೋದು ಎರಡು ಪ್ರಶ್ನೆ. ಊರು ಬಿಟ್ಟ ಮೇಲೆ ದಾವಣಗೆರೆಯ ಯಾವ ತಿಂಡಿ ಜಾಸ್ತಿ ನೆನಪಾಗುತ್ತೆ, ಮತ್ತೆ ರೇಟ್ ಹಿಂಗೆ ಏರ್ತಿರೋವಾಗ ಅಲ್ಲೊಂದು ಸೈಟ್ ಮಾಡ್ಕೊಂಡು ವಾಪಸ್ ಹೋಗೋದು ಒಳ್ಳೇದಾ ಅಂತ. ನಾನು ಹುಟ್ಟಿ ಬೆಳೆದಿದ್ದು ವಿನೋಬನಗರ, ಓದು ಮುಗಿಸಿ ಬೆಂಗಳೂರು ಸೇರಿದೆ, ಹಬ್ಬ ಮದುವೆ ಅಂತ ಈಗ್ಲೂ ಹೋಗಿ ಬರ್ತಿರ್ತೀನಿ. ನನ್ನ ಲೆಕ್ಕದಲ್ಲಿ ಇವೆರಡೂ ಒಂದೇ ಪ್ರಶ್ನೆ, ಯಾಕಂದ್ರೆ ನಮಗೆ ನೆನಪಾಗೋ ಊಟ ಬೆಳೀತಿದ್ದ ಗದ್ದೆನೇ ಈಗ ಬ್ರೋಕರ್ ನಿಮಗೆ ಕಾರಲ್ಲಿ ಕೂರಿಸ್ಕೊಂಡು ಹೋಗಿ ತೋರಿಸೋ ಲೇಔಟು.

ಬೆಣ್ಣೆ ದೋಸೆ ವಿಷಯ ಬೇಗ ಮುಗಿಸ್ತೀನಿ, ಅದು ನಮ್ಮ ಹಿಂದೇನೇ ಬಸ್ ಹತ್ತಿ ಬಂದುಬಿಟ್ಟಿದೆ. ಬೆಂಗಳೂರಲ್ಲಿ ಯಾವ ಏರಿಯಾಕ್ಕೆ ಹೋದ್ರೂ ನಮ್ಮೂರ ಹೆಸರಿನ ಬೋರ್ಡ್ ಇರುತ್ತೆ, ಕೆಲವರು ಚೆನ್ನಾಗೇ ಮಾಡ್ತಾರೆ, ಸುಳ್ಳು ಹೇಳಬಾರದು. ಆದ್ರೆ ಒಳಗೆ ಕೆಂಪು ಚಟ್ನಿ ಸವರಿ ಪಕ್ಕಕ್ಕೆ ಸಾಂಬಾರ್ ಬಟ್ಟಲು ಇಟ್ಟು ಇದು ದಾವಣಗೆರೆ ದೋಸೆ ಅಂದ್ರೆ ನಾನು ಮಾತಾಡದೆ ಬಿಲ್ ಕೊಟ್ಟು ಎದ್ದು ಬರ್ತೀನಿ. ನಮ್ಮ ಕಡೆ ಅಕ್ಕಿ ಉದ್ದಿನಬೇಳೆ ಜೊತೆ ಮಂಡಕ್ಕಿನೂ ಹಾಕಿ ರುಬ್ಬೋದು, ಸೌದೆ ಒಲೆ, ದಪ್ಪ ಹಂಚು, ನೀರಾಗಿರೋ ಕಾಯಿ ಚಟ್ನಿ, ಅರಿಶಿನ ಇಲ್ಲದ ಬಿಳಿ ಆಲೂಗಡ್ಡೆ ಪಲ್ಯ, ಮೇಲೆ ಬೆಣ್ಣೆ. ಅಷ್ಟೇ. ಅದಕ್ಕಿಂತ ಜಾಸ್ತಿ ಏನು ಹಾಕಿದ್ರೂ ಕೆಡುತ್ತೆ.

ನನಗೆ ಇಲ್ಲಿ ನಿಜವಾಗ್ಲೂ ಸಿಗದೇ ಇರೋದು ಮಂಡಕ್ಕಿ. ಬೆಂಗಳೂರಲ್ಲಿ ಪುರಿ ಅಂತ ಸಿಗೋ ಮಂಡಕ್ಕಿ ಗುಂಡಗೆ ದಪ್ಪ, ಬಾಯಿಗೆ ಹಾಕಿದ್ರೆ ಥರ್ಮಾಕೋಲ್ ತರ. ನಮ್ಮದು ಸಣ್ಣಗೆ ಉದ್ದ, ಹಿಡಿ ತಗೊಂಡು ಹಾಗೇ ಬಾಯಿಗೆ ಹಾಕಿದ್ರೂ ಉಪ್ಪು ನಾಲಿಗೆಗೆ ಹತ್ತುತ್ತೆ, ಗರಿಗರಿ. ಸಂಜೆ ಆದ್ರೆ ಗಾಡಿ ಮುಂದೆ ನಿಂತ್ಕೊಂಡು, ಪುಟಾಣಿ ಹಿಟ್ಟು, ಖಾರದಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಕೊತ್ತಂಬರಿ, ಸ್ವಲ್ಪ ಎಣ್ಣೆ, ನಿಂಬೆಹಣ್ಣು ಹಾಕಿ ಆತ ಕಲಸೋದನ್ನ ನೋಡ್ತಾ, ಆಗ ತಾನೇ ಎಣ್ಣೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿ ಪೇಪರ್ ಮೇಲೆ ಬಿದ್ದು ಪೇಪರ್ ಎಣ್ಣೆ ಕುಡಿಯೋದ್ರೊಳಗೆ ಒಂದು ಕಚ್ಚಿ ಬಾಯಿ ಸುಟ್ಕೊಳ್ಳೋದು, ಇದು ದಾವಣಗೆರೆಯಲ್ಲಿ ಬಡವ ಶ್ರೀಮಂತ ಅಂತ ಇಲ್ಲದೆ ಎಲ್ರೂ ಮಾಡೋ ಕೆಲಸ. ಅನುಕೂಲಸ್ಥರ ಬಡಾವಣೆ ಎಂಸಿಸಿ ಬಿ ಬ್ಲಾಕಿನ ಡಾಕ್ಟ್ರೂ ಕಾರ್ ಸೈಡಿಗೆ ಹಾಕಿ ತಿಂತಾರೆ.

ಈ ಮಂಡಕ್ಕಿ ಆಗೋದು ಆಜಾದ್ ನಗರ, ಬಾಷಾ ನಗರ ಕಡೆ ಭಟ್ಟಿಗಳಲ್ಲಿ. ನೀವು ಯಾವತ್ತಾದ್ರೂ ಒಳಗೆ ಹೋಗಿ ನೋಡಿದೀರೋ ಇಲ್ವೋ, ನಾನು ಸಣ್ಣವನಿದ್ದಾಗ ನಮ್ಮಪ್ಪ ಚೀಲ ತರೋಕೆ ಹೋದಾಗ ಜೊತೆಗೆ ಹೋಗ್ತಿದ್ದೆ. ಭತ್ತ ನೆನೆಹಾಕಿ, ಬೇಯಿಸಿ, ಒಣಗಿಸಿ, ಮಿಲ್ಲಲ್ಲಿ ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪು ನೀರು ಹಿಡಿಸಿ ಬೆಚ್ಚಗೆ ಮಾಡಿ, ಆಮೇಲೆ ಕಾದ ಮರಳಿಗೆ ಹಾಕ್ತಾರೆ. ಕೈ ಆಡಿಸೋದ್ರೊಳಗೆ ಬುಸ್ ಅಂತ ಅರಳಿ ಬಾಣಲೆ ತುಂಬ್ಕೊಳ್ಳುತ್ತೆ, ತಕ್ಷಣ ಜರಡಿಗೆ ಎತ್ತಿ ಮರಳು ಬೇರೆ ಮಾಡ್ಬೇಕು, ಸ್ವಲ್ಪ ತಡ ಆದ್ರೂ ಕೆಂಪಗಾಗುತ್ತೆ. ಆ ಶಾಖ, ಹೊಗೆ, ಮೈ ತುಂಬಾ ಬೂದಿ, ನಿಂತು ಕೆಲಸ ಮಾಡೋರಿಗೆ ಕಷ್ಟ ಗೊತ್ತು. ಹಳೇ ಟೈರ್ ಸುಟ್ಟು ಒಲೆ ಉರಿಸ್ತಾರೆ ಅಂತ ಅಕ್ಕಪಕ್ಕದವರ ತಕರಾರು ಮೊದಲಿಂದ್ಲೂ ಇತ್ತು, ಆ ತಕರಾರು ನ್ಯಾಯವಾದದ್ದೇ. 2016ರಲ್ಲಿ ಸ್ಮಾರ್ಟ್ ಸಿಟಿ ಮೊದಲ 20 ಊರುಗಳ ಪಟ್ಟಿಯಲ್ಲಿ ನಮ್ಮೂರು ಬಂದಾಗ ಭಟ್ಟಿ ಪ್ರದೇಶ ಸುಧಾರಿಸೋದೂ ಆ ಪ್ಲಾನಲ್ಲಿತ್ತು.

ಯಾಕೆ ಇಷ್ಟುದ್ದ ಹೇಳ್ತಿದೀನಿ ಅಂದ್ರೆ, ದೋಸೆ ಮಾಡೋಕೆ ಹತ್ತಡಿ ಅಂಗಡಿ ಸಾಕು, ಮಂಡಕ್ಕಿಗೆ ಜಾಗ ಬೇಕು. ಭತ್ತ ಒಣಗಿಸೋಕೆ ಬಯಲು, ಹೊಟ್ಟು ಸುರಿಯೋಕೆ ಮೂಲೆ, ಹೊಗೆ ಹೋಗೋಕೆ ದಾರಿ, ಹತ್ತಿರದಲ್ಲೇ ಭತ್ತ. ಊರಿನ ನೆಲ ಚದರಡಿ ಲೆಕ್ಕಕ್ಕೆ ಬಂದ ಮೇಲೆ ಹತ್ತಿಪ್ಪತ್ತು ರೂಪಾಯಿ ಸಾಮಾನು ಮಾಡೋನು ಆ ನೆಲದ ಮೇಲೆ ಎಷ್ಟು ದಿನ ಕೂರ್ತಾನೆ? ಅದಕ್ಕೇ ದೋಸೆ ಊರು ಬಿಟ್ಟು ಬೆಳೀತು, ಮಂಡಕ್ಕಿ ಊರಲ್ಲೇ ಇಕ್ಕಟ್ಟಿಗೆ ಬಿತ್ತು.

ಇನ್ನು ಗದ್ದೆ ಕಥೆ. ಶಾಮನೂರು ಕಡೆ ನಮ್ಮಜ್ಜನ ಕಾಲದ್ದು ಎರಡು ಎಕರೆ ಇತ್ತು, ಭದ್ರಾ ಚಾನೆಲ್ ನೀರು. ನಮ್ಮಪ್ಪ ಕಾಟನ್ ಮಿಲ್ಲಿಗೆ ಹೋಗ್ತಿದ್ರು, ಗದ್ದೆ ನೋಡ್ಕೊಳ್ಳೋದು ಚಿಕ್ಕಪ್ಪ. ದಸರಾ ಆದ್ಮೇಲೆ ಬರೋ ಸೀಗೆ ಹುಣ್ಣಿಮೆಗೆ ಭತ್ತ ಹೊಡೆ ಕಟ್ಟಿರುತ್ತೆ, ಬಸುರಿಗೆ ಬಯಕೆ ಊಟ ಹಾಕ್ದಂಗೆ ಭೂಮಿಗೆ ಚರಗ ಚೆಲ್ಬೇಕು ಅಂತ ಅವ್ವ ಹಿಂದಿನ ರಾತ್ರಿಯಿಂದ್ಲೇ ಒಲೆ ಮುಂದೆ ಕೂತ್ಕೊಳ್ಳೋಳು. ಹೋಳಿಗೆ, ಕರ್ಜಿಕಾಯಿ, ಕುಂಬಳಕಾಯಿ ಪಲ್ಯ, ಪುಂಡಿ ಪಲ್ಯ, ಸಜ್ಜೆ ರೊಟ್ಟಿ, ಮೊಸರನ್ನದ ಬುತ್ತಿ. ಬದುವಿನ ಮೇಲೆ ಐದು ಕಲ್ಲು ಹುಡುಕಿ ತೊಳೆದು ಸುಣ್ಣ ಹಚ್ಚಿ ಪಾಂಡವರು ಅಂತ ಕೂರಿಸೋ ಕೆಲಸ ಹುಡುಗ್ರದ್ದು. ಪೂಜೆ ಆದ್ಮೇಲೆ ಚಿಕ್ಕಪ್ಪ ಎಲ್ಲಾ ಅಡುಗೆ ಸ್ವಲ್ಪ ಸ್ವಲ್ಪ ಕಲಸ್ಕೊಂಡು ಗದ್ದೆ ಸುತ್ತ ಚೆಲ್ತಾ ಹೋಗೋರು, ಹಿಂದೆ ಒಬ್ಬ ನೀರು ಚಿಮುಕಿಸ್ತಾ ಬರ್ಬೇಕು. ಆಮೇಲೆ ಬದುವಿನ ಮೇಲೇ ಊಟ. ಆ ಪುಂಡಿ ಪಲ್ಯ ಮನೇಲಿ ಮಾಡಿದ್ರೆ ಅದೇ ರುಚಿ ಬರುತ್ತಾ ಅಂದ್ರೆ ಬರುತ್ತೆ, ನಮ್ಮ ಮನೆಯವಳು ಚೆನ್ನಾಗೇ ಮಾಡ್ತಾಳೆ, ಆದ್ರೆ ಚರಗ ಚೆಲ್ಲೋಕೆ ಅಪಾರ್ಟ್‌ಮೆಂಟ್ ಬಾಲ್ಕನಿ ಕುಂಡ ಬಿಟ್ರೆ ಇನ್ನೇನಿದೆ.

ಆ ಗದ್ದೆ ಹೋಯ್ತು. ಜಗಳ ಇಲ್ಲ ಮೋಸ ಇಲ್ಲ, ಎಲ್ಲರದ್ದೂ ಹೋದಂಗೆ ಹೋಯ್ತು. ಹೊರಗಿನವರು ರೈತರು ದುಡ್ಡಿನಾಸೆಗೆ ಮಾರ್ಕೊಂಡ್ರು ಅಂತ ಸುಲಭವಾಗಿ ಹೇಳ್ತಾರೆ, ನಡೆಯೋದು ಬೇರೆ. ಮೊದಲು ಪಕ್ಕದೋರು ಮಾರ್ತಾರೆ, ಅಲ್ಲಿ ಲೇಔಟ್ ಕಲ್ಲು ನೆಡ್ತಾರೆ, ಹೊಲಗಾಲುವೆ ಮುಚ್ಚಿ ರಸ್ತೆ ಮಾಡ್ತಾರೆ, ಅಲ್ಲಿಗೆ ಹಿಂದಿನ ಗದ್ದೆಗೆ ನೀರು ನಿಂತುಹೋಗುತ್ತೆ. ಅದರ ಮೇಲೆ ಭದ್ರಾ ಡ್ಯಾಮ್ ಪೂರ್ತಿ 186 ಅಡಿ ತುಂಬದ ವರ್ಷ ಆನ್ ಆಂಡ್ ಆಫ್ ಅಂತ ಚಾನೆಲ್ಲಿಗೆ ನೀರು ಬಿಟ್ಟು ಬಿಟ್ಟು ಕೊಡೋದು, ಕೊನೇ ಭಾಗದೋರಿಗೆ ತಲುಪೋದ್ರೊಳಗೆ ಆಫ್. 2023ರ ಬರದಲ್ಲಿ ಇದೇ ನೀರಿಗಾಗಿ ರೈತರು ರಸ್ತೆಗಿಳಿದಿದ್ದು ನೀವೂ ನ್ಯೂಸಲ್ಲಿ ನೋಡಿರ್ತೀರ. ಮಾರೋ ಮುಂಚೆ ನಾನು ಫೋನಲ್ಲಿ ಬೇಡ ಅಂತ ಗೊಣಗಿದಾಗ ಚಿಕ್ಕಪ್ಪ ಒಂದೇ ಮಾತು ಅಂದ್ರು, "ನೀರೇ ಬರ್ದಿದ್ದ ಮೇಲೆ ಅದನ್ನ ಗದ್ದೆ ಅಂತ ಯಾಕ್ ಕರೀಬೇಕಪ್ಪ, ನೀನು ಬಂದು ನಾಟಿ ಮಾಡ್ತೀಯೇನು?" ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಬಂದ ದುಡ್ಡಲ್ಲಿ ಅವರು ಜಗಳೂರು ಕಡೆ ಅದಕ್ಕಿಂತ ಜಾಸ್ತಿ ಬೆದ್ದಲು ಹೊಲ ತಗೊಂಡು ಮೆಕ್ಕೆಜೋಳ ಹಾಕ್ತಾರೆ, ಕೆರೆ ತುಂಬಿಸೋ ಯೋಜನೆ ನೀರಿನಿಂದ ಬೋರ್ ಸುಧಾರಿಸುತ್ತೆ ಅಂತ ನಂಬ್ಕೊಂಡಿದಾರೆ. ಅಲ್ಲೂ ಈಗ ರೇಟ್ ಕೇಳ್ಕೊಂಡು ಕಾರುಗಳು ಬರ್ತಾವಂತೆ.

ರೇಟ್ ಯಾಕೆ ಏರ್ತು ಅಂದ್ರೆ ಒಂದೇ ಕಾರಣ ಅಲ್ಲ. 1997ರಲ್ಲಿ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಜಿಲ್ಲೆಗಳ ತಾಲೂಕು ಸೇರಿಸಿ ನಮ್ಮದು ಜಿಲ್ಲೆ ಆಯ್ತು, ಆಫೀಸುಗಳು ಬಂದ್ವು. ಮೆಡಿಕಲ್, ಇಂಜಿನಿಯರಿಂಗ್ ಕಾಲೇಜು ಮೊದಲೇ ಇದ್ವು, 2009ರಲ್ಲಿ ತೋಳಹುಣಸೆಯಲ್ಲಿ ಯೂನಿವರ್ಸಿಟಿ ಬಂತು. ಕಾಟನ್ ಮಿಲ್ಲುಗಳು ಒಂದೊಂದಾಗಿ ಮುಚ್ಚಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರು ಭಾಷಣಕ್ಕೆ ಮಾತ್ರ ಉಳೀತು, ಮಿಲ್ ಇದ್ದ ಕಡೆ ಬಡಾವಣೆ ಎದ್ದಿವೆ. ಎಲ್ಲಕ್ಕಿಂತ ದೊಡ್ಡದು ಅಂತ ನನಗನ್ಸೋದು ಅಡಿಕೆ ದುಡ್ಡು. ಕ್ವಿಂಟಲ್ 50 ಸಾವಿರ ದಾಟಿದ ವರ್ಷಗಳಲ್ಲಿ ಚನ್ನಗಿರಿ ಕಡೆ ತೋಟದೋರಿಗೆ ಮಕ್ಕಳನ್ನ ಓದಿಸೋಕೆ, ದುಡ್ಡು ಹಾಕೋಕೆ ಕಣ್ಣಿಗೆ ಬೀಳೋ ಊರು ದಾವಣಗೆರೆನೇ. ಅವರು ಚೌಕಾಸಿ ಜಾಸ್ತಿ ಮಾಡಲ್ಲ, ಸಂಬಳದೋರು ಅವರ ಜೊತೆ ಪೈಪೋಟಿ ಮಾಡೋಕಾಗಲ್ಲ.

ಬ್ರೋಕರ್ ಲೆಕ್ಕ ಹೆಂಗೆ ಅಂತನೂ ತಿಳ್ಕೊಳ್ಳಿ. ಒಂದು ಗುಂಟೆ ಅಂದ್ರೆ 1089 ಚದರಡಿ, ಎಕರೆಗೆ 40 ಗುಂಟೆ. ರಸ್ತೆ, ಪಾರ್ಕು, ಸಿಎ ಅಂದ್ರೆ ಸಾರ್ವಜನಿಕ ಸೌಲಭ್ಯದ ಜಾಗ ಬಿಟ್ಟು ಹೆಚ್ಚು ಕಡಿಮೆ ಅರ್ಧ ಉಳಿಯುತ್ತೆ ಅಂದ್ಕೊಂಡ್ರೆ 30x40 ಅಳತೆಯಲ್ಲಿ ಎಕರೆಗೆ 18 ಸೈಟ್ ಬರುತ್ತೆ. ಯಾರಾದ್ರೂ ಪಕ್ಕದ ಲೇಔಟಿಗಿಂತ ತುಂಬಾ ಕಮ್ಮಿಗೆ ಕೊಡ್ತೀನಿ ಅಂದ್ರೆ ಒಂದೋ ರಸ್ತೆ ಅಗಲ ತಿಂದಿದಾರೆ, ಇಲ್ಲಾ ಪಾರ್ಕ್ ತಿಂದಿದಾರೆ, ಇಲ್ಲಾ ಕಾಗದದಲ್ಲಿ ಇನ್ನೂ ಕೃಷಿ ಜಮೀನಾಗೇ ಇರೋ, ಭೂಪರಿವರ್ತನೆನೇ ಆಗದ ರೆವಿನ್ಯೂ ಸೈಟು. ದೂಡಾ, ಅಂದ್ರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಅಪ್ರೂವಲ್ ಇದೆಯಾ, ಇ-ಖಾತೆ ಇದೆಯಾ ಅಂತ ಕೇಳಿ, ಬಾಯಿ ಮಾತು ಬೇಡ ಕಾಗದ ನೋಡಿ. ಮೂವತ್ತು ವರ್ಷದ ಇಸಿ, ಅಂದ್ರೆ ಋಣಭಾರ ಪತ್ರ ತೆಗೆಸಿ, ಜಮೀನಿನವರ ವಂಶವೃಕ್ಷದಲ್ಲಿ ಅಣ್ಣ ತಮ್ಮ ಅಕ್ಕ ತಂಗಿ ಎಷ್ಟು ಜನ ಇದ್ರು, ಎಲ್ರೂ ಸೈನ್ ಮಾಡಿದಾರಾ ನೋಡಿ, ಹೆಣ್ಣುಮಕ್ಕಳ ಸೈನ್ ಬಿಟ್ಟಿರೋ ಕೇಸೇ ಕೋರ್ಟಿಗೆ ಹೋಗೋದು. ಬಜೆಟ್ ಹಾಕುವಾಗ ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೆಯಿಂದ ಶೇಕಡ 1 ಇದ್ದಿದ್ದು 2 ಆಗಿದೆ ಅನ್ನೋದೂ ಸೇರಿಸ್ಕೊಳ್ಳಿ, ಸ್ಟ್ಯಾಂಪ್ ಡ್ಯೂಟಿ ಬೇರೆ.

ಕಾಗದಕ್ಕಿಂತ ಮುಖ್ಯ ಗದ್ದೆ ಲೇಔಟಿನ ನೆಲ. ಅರ್ಧ ಜನ ಇದನ್ನ ಕೇಳೋದೇ ಇಲ್ಲ. ನಮ್ಮ ಕಡೆ ಎರೆ ಮಣ್ಣು, ಮಳೆಗಾಲದಲ್ಲಿ ಉಬ್ಬುತ್ತೆ ಬೇಸಿಗೆಯಲ್ಲಿ ಬಿರಿಯುತ್ತೆ, ಅಗ್ಗದ ಪಾಯ ಹಾಕಿದ್ರೆ ಎರಡು ವರ್ಷದಲ್ಲಿ ಗೋಡೆ ಮೂಲೆಯಿಂದ ಮೂಲೆಗೆ ಗೀರು ಬಿಡುತ್ತೆ. ಕಾಲಮ್ (ಕಾಂಕ್ರೀಟ್ ಕಂಬ), ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ತೊಲೆ) ಖರ್ಚು ಸೈಟ್ ರೇಟಿಗೆ ಸೇರಿಸಿಯೇ ಹೋಲಿಸಿ ನೋಡಿ. ಇನ್ನೊಂದು, ಗ್ರಾಮ ನಕ್ಷೆ ತಗೊಂಡು ಹಳ್ಳ, ಬಸಿಗಾಲುವೆ ಎಲ್ಲಿ ಹಾದಿತ್ತು ನೋಡಿ. ಗದ್ದೆಯ ಹೆಚ್ಚಿನ ನೀರು ಹೋಗ್ತಿದ್ದ ದಾರಿ ಅದು, ಲೇಔಟ್ ಮಾಡಿದೋರು ಅದರ ಮೇಲೆ ಮಣ್ಣು ಹಾಕಿ ಕಾರ್ನರ್ ಸೈಟ್ ಅಂತ ಜಾಸ್ತಿ ರೇಟಿಗೆ ಮಾರಿರ್ತಾರೆ, ನೀರಿಗೆ ಅದೇನು ಗೊತ್ತು, ಅದು ಹಳೇ ದಾರಿಲೇ ಬರುತ್ತೆ.

ಹಂಗಾದ್ರೆ ತಗೊಳ್ಳೋದಾ ಬೇಡ್ವಾ? ರೇಟ್ ಏರುತ್ತೆ ಅಂತ ತಗೊಳ್ಳೋದಾದ್ರೆ ಅದು ಬರೀ ವ್ಯಾಪಾರ, ಅದಕ್ಕೆ ದಾವಣಗೆರೆನೇ ಆಗ್ಬೇಕಾಗಿಲ್ಲ, ಮತ್ತೆ ಅಡಿಕೆ ರೇಟ್ ಬಿದ್ದ ವರ್ಷ ನಿಮ್ಮ ಸೈಟ್ ಕೇಳೋಕೂ ಯಾರೂ ಬರಲ್ಲ ಅನ್ನೋದು ಲೆಕ್ಕದಲ್ಲಿರ್ಲಿ. ಊಟ ನೆನಪಾಗುತ್ತೆ ಅಂತ ತಗೊಳ್ಳೋದಾದ್ರೆ ಖಂಡಿತ ಬೇಡ, ಮಂಡಕ್ಕಿ ಚೀಲ ಬಸ್ಸಲ್ಲಿ ಹಾಕಿಸ್ಕೊಳ್ಳೋದು ಅಗ್ಗ. ನಿಜವಾಗ್ಲೂ ಹೋಗಿ ಇರ್ತೀನಿ ಅನ್ನೋರಾದ್ರೆ ಮಾತ್ರ ನೋಡಿ, ಅದೂ ಮೊದಲು ವಿದ್ಯಾನಗರದಲ್ಲೋ ಸರಸ್ವತಿ ನಗರದಲ್ಲೋ ಬಾಡಿಗೆ ಮನೆ ಮಾಡಿ ಸ್ವಲ್ಪ ಕಾಲ ಇದ್ದು. ಮನೆಯವರಿಗೂ ಮಕ್ಕಳಿಗೂ ಆ ಬಿಸಿಲು ಒಗ್ಗುತ್ತಾ, ನೀವು ಬಿಟ್ಟು ಬಂದ ಗೆಳೆಯರಲ್ಲಿ ಅಲ್ಲಿ ಉಳಿದಿರೋರು ಎಷ್ಟು ಜನ, ಅದೆಲ್ಲ ಸೈಟ್ ನೋಡಿದ್ರೆ ಗೊತ್ತಾಗಲ್ಲ.

ಸೈಟ್ ನೋಡೋಕೆ ಅಂತ ದಸರಾ ರಜೆಯಲ್ಲಿ ಹೋಗ್ಬೇಡಿ, ಆಗ ಎಲ್ಲಾ ಹಸಿರಾಗಿ ಚೆಂದ ಕಾಣುತ್ತೆ. ಒಂದು ಸಲ ಏಪ್ರಿಲಲ್ಲಿ ಹೋಗಿ, ಅಕ್ಕಪಕ್ಕದ ಮನೆಯೋರನ್ನ ನಲ್ಲಿ ನೀರು ಎಷ್ಟು ದಿನಕ್ಕೊಂದ್ಸಲ ಬರುತ್ತೆ, ಬೋರ್ ಎಷ್ಟು ಅಡಿ ಹೋಗಿದೆ ಕೇಳಿ. ಇನ್ನೊಂದು ಸಲ ಜೋರು ಮಳೆ ಬಂದ ಮಾರನೇ ದಿನ ಹೋಗಿ, ಬ್ರೋಕರ್‌ಗೆ ಹೇಳದೆ. ಆ ಕಾರ್ನರ್ ಸೈಟಲ್ಲಿ ನೀರು ನಿಂತಿದ್ರೆ ರೇಟ್ ಕೇಳೋದೇ ಬೇಡ.